ಸೊಸೆಗೆ 30 ದಿನ, ನೋಂದಣಿಗೆ 60 ದಿನ

ವಿದೇಶದ ಸೊಸೆಯೊಬ್ಬಳು ವಿಜಯಪುರ ಜಿಲ್ಲೆಯ ತಿಕೋಟಾದ ಮನೆಗೆ ಬಂದಿಳಿದರೆ, 24 ಗಂಟೆಯೊಳಗೆ ಆ ಸುದ್ದಿಯನ್ನು ಮನೆಯವರು ವಿದೇಶಿಯರ ನೋಂದಣಿ ಅಧಿಕಾರಿಗೆ ಮುಟ್ಟಿಸಬೇಕು. ಲಾಡ್ಜಿನವರು ‘ಸಿ ಫಾರ್ಮ್’ ಎಂದು ಕರೆಯುತ್ತ ಬಂದ ನಮೂನೆ ಅದು. ಗೋಲಗುಂಬಜ್ ನೋಡಲು ಬರುವವರನ್ನು ಇಳಿಸಿಕೊಳ್ಳುವ ವಿಜಯಪುರದ ಲಾಡ್ಜುಗಳಿಗೆ ಇದು ರೂಢಿಯ ಕೆಲಸ. ಪಾಸ್‌ಪೋರ್ಟಿನ ಜೆರಾಕ್ಸ್ ತೆಗೆದುಕೊಂಡು ಕಂಪ್ಯೂಟರಿನಲ್ಲಿ ತುಂಬಿಬಿಡುತ್ತಾರೆ. ಆದರೆ ನಿಯಮ ಲಾಡ್ಜಿಗಷ್ಟೇ ಅಲ್ಲ, ವಿದೇಶಿಯರು ತಂಗುವ ಖಾಸಗಿ ಮನೆಗೂ ಇದೆ. ಬಬಲೇಶ್ವರದ ಅತ್ತೆಗೆ ಇದನ್ನು ಹೇಳಿದವರು ಯಾರು? ಆಕೆ ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟು, ಆರತಿ ತಟ್ಟೆ ಹಿಡಿದು, ‘ಬಲಗಾಲ ಇಟ್ಟು ಒಳಗ ಬಾರವ್ವಾ’ ಎಂದು ಕರೆಯುತ್ತಾಳೆ. ಅವಳ ಲೆಕ್ಕದಲ್ಲಿ ಸೊಸೆ ಮನೆಯವಳಾಗಲು ಅಷ್ಟು ಸಾಕು. ಸರ್ಕಾರದ ಲೆಕ್ಕದಲ್ಲಿ ಅದೇ ಸೊಸೆ, ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಠಸ್ಸೆ ಬಿದ್ದ ದಿನದಿಂದ ದಿನ ಎಣಿಸಬೇಕಾದ ಪ್ರವಾಸಿ.

ಓದಿಗೆ, ಐಟಿ ಕೆಲಸಕ್ಕೆ, ಗಲ್ಫಿನ ದುಡಿಮೆಗೆ ಹೋದ ಮಕ್ಕಳು ಅಲ್ಲಿಯೇ ಸಂಗಾತಿಯನ್ನು ಕಂಡುಕೊಳ್ಳುವುದು ಉತ್ತರ ಕರ್ನಾಟಕದ ಊರುಗಳಿಗೆ ಈಗ ಹೊಸ ಸುದ್ದಿಯಲ್ಲ. ಹೊರಗಿನಿಂದ ಬಂದವರು ಎಷ್ಟು ದಿನ ಇರಬಹುದು ಎಂಬುದಕ್ಕೆ ದೇಶ ಮಿತಿ ಹಾಕುವುದು ಸರಿಯೇ. ಆದರೆ ಮದುವೆಯನ್ನು ಕಾಗದದ ಮೇಲೆ ಗಟ್ಟಿ ಮಾಡಿಕೊಳ್ಳಲು ಅದೇ ಸರ್ಕಾರ ಕೇಳುವ ದಿನಗಳು ಆ ಮಿತಿಯೊಳಗೆ ಹಿಡಿಯಬೇಕಲ್ಲವೇ? ಇವತ್ತು ಹಿಡಿಯುತ್ತಿಲ್ಲ.

‘ನಮ್ಮ ಹುಡುಗನ ಹೇಣ್ತಿ ಅದಾಳ್ರೀ, ಆಕಿಗ್ಯಾಕ ವೀಸಾ?’ ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆ ಸಹಜವಾದದ್ದು. ಉತ್ತರ ಮಾತ್ರ ಕಟುವಾದದ್ದು: ತಾಳಿ ಕಟ್ಟಿದ ಮಾತ್ರಕ್ಕೆ ಗಡಿ ತೆರೆಯುವುದಿಲ್ಲ. ವೀಸಾ ಇಲ್ಲದೆ ಭಾರತಕ್ಕೆ ಬರಬಹುದಾದವರು ಬೆರಳೆಣಿಕೆಯಷ್ಟು. ನೇಪಾಳ ಮತ್ತು ಭೂತಾನದ ಪ್ರಜೆಗಳಿಗೆ ವೀಸಾ ಬೇಡ. ನೇಪಾಳದವರ ಬೆನ್ನಿಗೆ 1950ರ ಶಾಂತಿ ಮತ್ತು ಸ್ನೇಹ ಒಪ್ಪಂದವಿದೆ. ಮಾಲ್ದೀವ್ಸ್‌ನವರು ಪ್ರವಾಸಕ್ಕೆಂದು 90 ದಿನ ಇರಬಹುದು. ಸಾಗರೋತ್ತರ ಭಾರತೀಯ ನಾಗರಿಕರು, ಅಂದರೆ ಒಸಿಐ ಕಾರ್ಡ್ ಇದ್ದವರು, ಎಷ್ಟು ಸಲ ಬೇಕಾದರೂ ಬಂದು ಹೋಗಬಹುದು. ವಿಜಯಪುರದ ಹುಡುಗ ಕಠ್ಮಂಡುವಿನ ಹುಡುಗಿಯನ್ನು ಮದುವೆಯಾದರೆ ಅವಳು ಬಸ್ಸು ಹತ್ತಿ ಬಂದು ಗಂಡನ ಮನೆಯಲ್ಲಿ ಇರಬಹುದು. ಅದೇ ಓಣಿಯ ಇನ್ನೊಂದು ಮನೆಯ ಅಮೆರಿಕದ ಸೊಸೆಗೋ ಜರ್ಮನಿಯ ಅಳಿಯನಿಗೋ ವೀಸಾ ಇಲ್ಲದಿದ್ದರೆ ಭಾರತದ ವಿಮಾನವನ್ನೇ ಹತ್ತಗೊಡುವುದಿಲ್ಲ.

ಅಂಥವರು ಸಾಮಾನ್ಯವಾಗಿ ಹಿಡಿಯುವುದು ಇ-ವೀಸಾದ ದಾರಿ. 2014ರಲ್ಲಿ ಶುರುವಾದ ಈ ವ್ಯವಸ್ಥೆಯಿಂದ ದೂತಾವಾಸದ ಬಾಗಿಲು ಕಾಯುವುದು ತಪ್ಪಿತು ಎಂಬುದು ನಿಜ. ಪ್ರವಾಸಿ ಇ-ವೀಸಾ 30 ದಿನದ್ದಿದೆ, ಒಂದು ವರ್ಷದ್ದಿದೆ, ಐದು ವರ್ಷದ್ದಿದೆ. ಐದು ವರ್ಷ ಎಂದ ಕೂಡಲೇ ಐದು ವರ್ಷ ಇರಬಹುದು ಎಂದು ತಿಳಿಯುವವರಿದ್ದಾರೆ. ಹಾಗಲ್ಲ. ವರ್ಷದ ಮತ್ತು ಐದು ವರ್ಷದ ವೀಸಾದಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಜಪಾನ್ ದೇಶದವರು ಒಂದು ಸಲಕ್ಕೆ 180 ದಿನ, ಉಳಿದ ಬಹುತೇಕ ದೇಶದವರು 90 ದಿನ ಮಾತ್ರ ಸತತವಾಗಿ ಇರಬಹುದು. ಅಗ್ಗವೆಂದು 30 ದಿನದ್ದನ್ನು ಆರಿಸಿಕೊಂಡವರಿಗೆ 30 ದಿನ ಅಷ್ಟೇ.

ಮೂವತ್ತು ದಿನ ಎಂದರೆ ಎಷ್ಟು ಎಂಬುದನ್ನು ತಿಕೋಟಾದ ಮಣೂಕದ ಶೆಡ್ಡಿನಲ್ಲಿ ನಿಂತು ನೋಡಬೇಕು. ಫೆಬ್ರುವರಿ, ಮಾರ್ಚಿನಲ್ಲಿ ಸುತ್ತಲಿನ ತೋಟಗಳಲ್ಲಿ ದ್ರಾಕ್ಷಿಯ ಕಟಾವು ಜೋರಾಗಿರುತ್ತದೆ. ಗೊನೆಗಳನ್ನು ಡಿಪ್ಪಿಂಗ್ ಎಣ್ಣೆ ಮತ್ತು ಪೊಟ್ಯಾಶಿಯಂ ಕಾರ್ಬೊನೇಟ್ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು, ನೆರಳಿನಲ್ಲಿ ಒಂದರ ಮೇಲೊಂದು ಕಟ್ಟಿದ ಬಲೆಯ ರ‍್ಯಾಕುಗಳ ಮೇಲೆ ಹರಡುತ್ತಾರೆ. ಗಾಳಿ ಒಣದಾಗಿದ್ದರೆ ಹದಿನೈದು ದಿನದ ಹೊತ್ತಿಗೆ ಹಸಿರು ಹಣ್ಣು ಸುಕ್ಕುಗಟ್ಟಿ ಮಣೂಕವಾಗುತ್ತದೆ. ಸುಗ್ಗಿಗೆಂದು ಊರಿಗೆ ಬಂದ ಹೊಸ ಜೋಡಿ, ರ‍್ಯಾಕು ಎರಡು ಸಲ ತುಂಬಿ ಎರಡು ಸಲ ಖಾಲಿಯಾಗುವುದನ್ನು ನೋಡುವಷ್ಟರಲ್ಲಿ ವೀಸಾ ಮುಗಿದಿರುತ್ತದೆ.

ಇನ್ನು ಮದುವೆಯ ಲೆಕ್ಕ. ಹಿಂದೂ ವಿವಾಹ ಕಾಯ್ದೆಯಡಿ ಮದುವೆ ಊರ್ಜಿತವಾಗಬೇಕಾದರೆ ವಧು ವರ ಇಬ್ಬರೂ ಹಿಂದೂಗಳಾಗಿರಬೇಕು. ಹಿಂದೂ–ಕ್ರೈಸ್ತ ಜೋಡಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಇದನ್ನು ಬಿಡಿಸಿ ಹೇಳಿತು. ಹಾಗಾಗಿ ಫ್ರಾನ್ಸಿನ ಕ್ರೈಸ್ತ ಹುಡುಗಿಗೂ ಬಬಲೇಶ್ವರದ ಹುಡುಗನಿಗೂ ಗುಡಿಯಲ್ಲಿ ಅಕ್ಷತೆ ಬಿದ್ದರೆ ನೆಂಟರಿಗೆ ಸಂತೋಷವಾದೀತು, ಕಾನೂನಿಗೆ ಸಾಲದು. ಅವರಿಗೆ ಉಳಿಯುವುದು 1954ರ ವಿಶೇಷ ವಿವಾಹ ಕಾಯ್ದೆ. ಅದರಲ್ಲಿ ಎರಡು ದಾರಿಗಳಿವೆ.

ಮೊದಲನೆಯದು, ವಿವಾಹಾಧಿಕಾರಿಯ ಮುಂದೆಯೇ ಮದುವೆಯಾಗುವುದು. ಇಬ್ಬರಲ್ಲಿ ಒಬ್ಬರಾದರೂ ನೋಟಿಸ್ ಕೊಡುವ ಮೊದಲಿನ 30 ದಿನ ಆ ಜಿಲ್ಲೆಯಲ್ಲಿ ವಾಸವಾಗಿರಬೇಕು. ಇಬ್ಬರೂ ಕೊಟ್ಟ ನೋಟಿಸನ್ನು ಕಚೇರಿಯ ಗೋಡೆಗೆ ಹಚ್ಚುತ್ತಾರೆ. ಆಕ್ಷೇಪಣೆಗೆ 30 ದಿನ ಕಾಯಬೇಕು. ಯಾರಾದರೂ ತಕರಾರು ಎತ್ತಿದರೆ ವಿಚಾರಣೆಗೆ ಮತ್ತೆ 30 ದಿನದ ತನಕ ಹೋಗಬಹುದು. ಎರಡನೆಯದು, ಆಗಲೇ ಬೇರೆ ವಿಧಿಯಲ್ಲಿ ಆದ ಮದುವೆಯನ್ನು ಇದೇ ಕಾಯ್ದೆಯ 15ನೇ ಕಲಮಿನಡಿ ನೋಂದಾಯಿಸುವುದು. ಇದಕ್ಕೆ ಗಂಡ ಹೆಂಡತಿ ಇಬ್ಬರೂ ಅರ್ಜಿಗೆ ಮುಂಚಿನ 30 ದಿನ ಅದೇ ಜಿಲ್ಲೆಯಲ್ಲಿ ಇದ್ದಿರಬೇಕು. ಆಮೇಲೆ ಸಾರ್ವಜನಿಕ ನೋಟಿಸ್, ಆಮೇಲೆ ಆಕ್ಷೇಪಣೆಗೆ 30 ದಿನ.

ಕೂಡಿಸಿ ನೋಡಿದರೆ 60 ದಿನ.

ಸೊಸೆಯ ಕೈಯಲ್ಲಿರುವುದು 30 ದಿನದ ವೀಸಾ ಆದರೆ ಎರಡನೆಯ ದಾರಿ ಆಗುವ ಮಾತೇ ಅಲ್ಲ. ಮೊದಲನೆಯದರಲ್ಲಿ ಬಂದ ದಿನವೇ ನೋಟಿಸ್ ಕೊಟ್ಟರೂ ಗಡುವು ಮುಗಿಯುವುದು ವೀಸಾ ಮುಗಿಯುವ ಹೊತ್ತಿಗೇ. 90 ದಿನದವರಿಗೆ ಸಾಧ್ಯವುಂಟು. ಆದರೆ ದಾಖಲೆಯಲ್ಲಿ ಒಂದು ಹೆಸರಿನ ಅಕ್ಷರ ತಪ್ಪಿದರೆ, ಒಂದು ಆಕ್ಷೇಪಣೆ ಬಂದರೆ, ಉಳಿದ ದಿನಗಳು ಕಚೇರಿಯ ಮೆಟ್ಟಿಲಲ್ಲೇ ಕರಗಿ ಹೋಗುತ್ತವೆ. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಕಾವೇರಿ 2.0 ತಂತ್ರಾಂಶದ ಮೂಲಕ ಹಿಂದೂ ವಿವಾಹಗಳ ನೋಂದಣಿಯನ್ನು ಆನ್‌ಲೈನ್ ಮಾಡಿತು. ಒಂದೇ ಊರಲ್ಲಿ ಬದುಕಿ ಬಾಳುವ ಜೋಡಿಗೆ ಮನೆಯಲ್ಲೇ ಕೂತು ನೋಂದಾಯಿಸುವ ಅನುಕೂಲ ಸಿಕ್ಕಿದೆ. ದಿನ ಎಣಿಸುತ್ತ ಕೂತ ಜೋಡಿಗೆ ಎರಡು ತಿಂಗಳ ಕಾಯುವಿಕೆ ಹಾಗೇ ಉಳಿದಿದೆ. ಸಮಯ ಯಾರಿಗೆ ಕಡಿಮೆಯಿದೆಯೋ ಅವರಿಂದಲೇ ಹೆಚ್ಚು ಸಮಯ ಕೇಳುವ ಏರ್ಪಾಡು ಇದು.

2022ರ ನವೆಂಬರಿನಲ್ಲಿ ಹಂಪಿಯ ವಿರೂಪಾಕ್ಷನ ಸನ್ನಿಧಿಯಲ್ಲಿ ಅಲ್ಲಿನ ಆಟೊ ಚಾಲಕನೂ ಗೈಡೂ ಆದ ಯುವಕನಿಗೂ ಬೆಲ್ಜಿಯಂನ ಯುವತಿಗೂ ಮದುವೆಯಾದಾಗ ಪತ್ರಿಕೆ, ಟಿವಿಗಳಲ್ಲಿ ಅದೇ ಸುದ್ದಿ. ಬಾಸಿಂಗ ಕಟ್ಟಿದ ವಿದೇಶಿ ವಧುವಿನ ಫೋಟೊ ನೋಡಿ ನಾಡೇ ಹರಸಿತು. ಇಂಥ ಮದುವೆಗಳ ವರದಿ ಅಕ್ಷತೆಗೇ ಮುಗಿಯುತ್ತದೆ. ಆಮೇಲೆ ಎಷ್ಟು ದಿನದ ವೀಸಾ, ಯಾವ ಕಚೇರಿ, ಯಾವ ಅರ್ಜಿ ಎಂಬುದನ್ನು ಬರೆದಿದ್ದರೆ ಮುಂದಿನ ಹತ್ತು ಜೋಡಿಗಳಿಗೆ ಉಪಕಾರವಾಗುತ್ತಿತ್ತು.

ನೋಂದಣಿ ಪತ್ರ ಕೈಗೆ ಬಂದ ಮೇಲೆ ದಾರಿ ಸ್ವಲ್ಪ ಹಸನಾಗುತ್ತದೆ. ಭಾರತೀಯರನ್ನು ಮದುವೆಯಾದ ವಿದೇಶಿಯರು ತಮ್ಮ ವೀಸಾವನ್ನು ‘ಎಂಟ್ರಿ ವೀಸಾ’ಗೆ ಬದಲಾಯಿಸಿಕೊಡಿ ಎಂದು ಕೇಳಬಹುದು. ಅರ್ಜಿ ಹೋಗುವುದು ಬೆಂಗಳೂರಿನ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ, ಜನರ ಬಾಯಲ್ಲಿ ಎಫ್‌ಆರ್‌ಆರ್‌ಒ. 2018ರಿಂದ ಇ-ಎಫ್‌ಆರ್‌ಆರ್‌ಒ ಜಾಲತಾಣ ಇರುವುದರಿಂದ ಪ್ರತಿ ಕೆಲಸಕ್ಕೂ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ರಾತ್ರಿಯಿಡೀ ಪ್ರಯಾಣ ಮಾಡಬೇಕಾಗಿಲ್ಲ. 180 ದಿನಕ್ಕಿಂತ ಹೆಚ್ಚು ಕಾಲದ ವೀಸಾದವರು ಬಂದ 14 ದಿನದೊಳಗೆ ನೋಂದಾಯಿಸಿಕೊಳ್ಳುವುದು ಸಾಮಾನ್ಯ ನಿಯಮ. ಮದುವೆ ನೋಂದಣಿಯಾಗಿ ಎರಡು ವರ್ಷ ಸತತವಾಗಿ ನಡೆದಿದ್ದರೆ ಪೌರತ್ವ ಕಾಯ್ದೆಯ 7ಎ ಕಲಮಿನಡಿ ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಭಾರತದಲ್ಲೇ ಅರ್ಜಿ ಹಾಕಿದರೆ ಶುಲ್ಕ 15,000 ರೂಪಾಯಿ. ಭದ್ರತಾ ತಪಾಸಣೆ ಕಡ್ಡಾಯ. ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರಿಗೆ ಈ ಕಾರ್ಡು ಇಲ್ಲ. ಪೂರ್ಣ ಪೌರತ್ವ ಬೇಕೆಂದರೆ ಏಳು ವರ್ಷ ಇಲ್ಲಿ ನೆಲೆಸಿರಬೇಕು. ಎಲ್ಲ ಮೆಟ್ಟಿಲುಗಳ ಕೆಳಗಿರುವುದು ಅದೇ ನೋಂದಣಿ ಪತ್ರ. ಅದು ಸಿಗದಿದ್ದರೆ ಮೊದಲ ಮೆಟ್ಟಿಲೇ ಇಲ್ಲ.

ನೇರ ದಾರಿ ಗೊತ್ತಿಲ್ಲದವರು, ಗೊತ್ತಿದ್ದೂ ಅದು ತೆರೆಯುವುದಿಲ್ಲ ಎಂದುಕೊಂಡವರು ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಗಳಿವೆ. 2021ರ ಜೂನ್‌ನಲ್ಲಿ ಭಟ್ಕಳದಲ್ಲಿ ಪಾಕಿಸ್ತಾನದ ಮಹಿಳೆಯೊಬ್ಬರ ಬಂಧನವಾಯಿತು. ಪೊಲೀಸರು ಹೇಳಿದಂತೆ, ಭಟ್ಕಳದ ವ್ಯಕ್ತಿಯನ್ನು ದುಬೈನಲ್ಲಿ ಮದುವೆಯಾಗಿದ್ದ ಆಕೆ ಮೊದಲ ಸಲ ಮೂರು ತಿಂಗಳ ವೀಸಾದಲ್ಲಿ ಬಂದು ಹೋಗಿದ್ದರು. ಎರಡನೆಯ ಸಲ ವೀಸಾ ಇಲ್ಲದೆ ಬಂದು ವರ್ಷಗಟ್ಟಲೆ ಉಳಿದರು. ಮೂವರು ಮಕ್ಕಳಾದರು. ಅಷ್ಟರಲ್ಲಿ ಆಧಾರ್, ರೇಷನ್ ಕಾರ್ಡ್, ಮತದಾರರ ಗುರುತಿನ ಚೀಟಿ ಎಲ್ಲವೂ ಆಗಿದ್ದವು. 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ 19 ವರ್ಷದ ಪಾಕಿಸ್ತಾನದ ಹುಡುಗಿ ಸಿಕ್ಕಿಬಿದ್ದಳು. ಮೊಬೈಲಿನ ಲೂಡೊ ಆಟದಲ್ಲಿ ಪರಿಚಯವಾದ ಉತ್ತರ ಪ್ರದೇಶದ ಯುವಕನನ್ನು ನೇಪಾಳದಲ್ಲಿ ಮದುವೆಯಾಗಿ, ಅಲ್ಲಿನ ತೆರೆದ ಗಡಿಯಿಂದ ಒಳಬಂದು, ಬೇರೆ ಹೆಸರಿನಲ್ಲಿ ಅವನ ಜೊತೆ ಬಾಳುತ್ತಿದ್ದಳು. ಫೆಬ್ರುವರಿಯಲ್ಲಿ ಆಕೆಯನ್ನು ಅಟ್ಟಾರಿ ಗಡಿಯ ಮೂಲಕ ವಾಪಸು ಕಳಿಸಿದರು. ನೇಪಾಳದವರಿಗೆ ತೆರೆದ ಬಾಗಿಲು ಮೂರನೆಯ ದೇಶದವರಿಗೆ ತೆರೆದದ್ದಲ್ಲ ಎಂಬ ಸರಳ ಸಂಗತಿ ಆ ಇಬ್ಬರಿಗೆ ಗೊತ್ತಿತ್ತೋ ಇಲ್ಲವೋ, ಸಂಸಾರವಂತೂ ಮುರಿಯಿತು.

ಕಾಗದ ಸರಿಯಿದ್ದವರ ಕತೆ ಬೇರೆಯಾಯಿತು. ಪಹಲ್ಗಾಮ್‌ನಲ್ಲಿ 2025ರ ಏಪ್ರಿಲ್ 22ರಂದು ನಡೆದ ದಾಳಿಯ ಬಳಿಕ ಕೇಂದ್ರ ಸರ್ಕಾರ ಪಾಕಿಸ್ತಾನದ ಪ್ರಜೆಗಳ ವೀಸಾಗಳನ್ನು ರದ್ದು ಮಾಡಿ, 27ರೊಳಗೆ, ವೈದ್ಯಕೀಯ ವೀಸಾದವರಾದರೆ 29ರೊಳಗೆ ದೇಶ ಬಿಡಬೇಕೆಂದಿತು. ಆದರೆ ದೀರ್ಘಾವಧಿ ವೀಸಾ ಪಡೆದವರಿಗೆ ಈ ಆದೇಶ ತಟ್ಟಲಿಲ್ಲ. ಭಟ್ಕಳದಲ್ಲಿ ವರ್ಷಗಳಿಂದ ಸಂಸಾರ ಹೂಡಿದ್ದ ಪಾಕಿಸ್ತಾನ ಮೂಲದ ಸೊಸೆಯರು ಮಕ್ಕಳ ಜೊತೆ ಉಳಿಯಲು ಸಾಧ್ಯವಾದದ್ದು ಆ ಒಂದು ದಾಖಲೆಯಿಂದ. ಅಲ್ಪಾವಧಿ ವೀಸಾದಲ್ಲಿದ್ದವರು ಕೆಲವೇ ದಿನಗಳಲ್ಲಿ ಗಂಟುಮೂಟೆ ಕಟ್ಟಬೇಕಾಯಿತು. ಮೈಸೂರಿನಲ್ಲಿ ತಾಯಿಯ ತವರಿಗೆ ಬಂದಿದ್ದ, ಪಾಕಿಸ್ತಾನದ ಪಾಸ್‌ಪೋರ್ಟಿನ ಪುಟ್ಟ ಮಕ್ಕಳ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿತು.

2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. 1920, 1939, 1946 ಮತ್ತು 2000ನೇ ಇಸವಿಯ ನಾಲ್ಕು ಹಳೆಯ ಕಾಯ್ದೆಗಳ ಜಾಗಕ್ಕೆ ಇದೊಂದು ಬಂತು. ಪಾಸ್‌ಪೋರ್ಟ್ ಅಥವಾ ವೀಸಾ ಇಲ್ಲದೆ ಒಳಬಂದರೆ ಐದು ವರ್ಷದ ತನಕ ಜೈಲು, ಐದು ಲಕ್ಷದ ತನಕ ದಂಡ. ವೀಸಾ ಮುಗಿದ ಮೇಲೂ ಉಳಿದರೆ ಮೂರು ವರ್ಷ, ಮೂರು ಲಕ್ಷದ ತನಕ. ನಕಲಿ ದಾಖಲೆಯಾದರೆ ಎರಡರಿಂದ ಏಳು ವರ್ಷ, ಒಂದರಿಂದ ಹತ್ತು ಲಕ್ಷ. ದಿನ ಮೀರಿದವರನ್ನೂ ಸುಳ್ಳು ಕಾಗದ ಮಾಡಿಸಿದವರನ್ನೂ ಕಾಯ್ದೆ ಒಂದೇ ತಕ್ಕಡಿಯಲ್ಲಿ ತೂಗಿಲ್ಲ, ಒಳ್ಳೆಯದೇ. ಆದರೆ ನೋಟಿಸಿನ ಗಡುವು ಮುಗಿಯಲಿ ಎಂದು ಕಾಯುತ್ತ ವೀಸಾ ದಿನ ಮೀರಿದ ಹೆಂಡತಿಗೂ, ತಲೆಮರೆಸಿಕೊಂಡು ದಿನ ಮೀರಿದವನಿಗೂ ತಪ್ಪು ಒಂದೇ. ಶಿಕ್ಷೆ ಇಷ್ಟು ಕಠಿಣವಾದಾಗ ತಿಳಿವಳಿಕೆ ಕೊಡುವ ಹೊಣೆಯೂ ಸರ್ಕಾರದ ಮೇಲೆ ಅಷ್ಟೇ ಹೆಚ್ಚುತ್ತದೆ.

ಮಿತಿಗಳನ್ನು ಸಮರ್ಥಿಸುವವರ ವಾದದಲ್ಲಿ ಹುರುಳಿದೆ. ವೀಸಾಕ್ಕಾಗಿಯೇ ಮದುವೆಯ ನಾಟಕ ಆಡುವವರಿದ್ದಾರೆ. ಮದುವೆಯ ಹೆಸರಲ್ಲಿ ಹೆಣ್ಣುಮಕ್ಕಳ ಸಾಗಾಟ ನಡೆಯುತ್ತದೆ. ಹೊರದೇಶದ ವರನೆಂದು ನಂಬಿ ಮದುವೆಯಾಗಿ, ಆಮೇಲೆ ಅವನಿಗೆ ಅಲ್ಲೊಂದು ಸಂಸಾರ ಇದೆಯೆಂದು ತಿಳಿದು ಕಣ್ಣೀರಿಟ್ಟ ಹುಡುಗಿಯರು ನಮ್ಮ ನಡುವೆಯೇ ಇದ್ದಾರೆ. ಮದುವೆಗೆ ಅಡ್ಡಿಯಿಲ್ಲ ಎಂದು ಆತನ ದೇಶದ ದೂತಾವಾಸದಿಂದ ಪತ್ರ ಕೇಳುವುದು, ಎರಡು ವರ್ಷ ಸಂಸಾರ ನಡೆದದ್ದನ್ನು ನೋಡಿ ಒಸಿಐ ಕೊಡುವುದು, ಇವೆಲ್ಲ ಆ ಹುಡುಗಿಯರಿಗೆ ಕಾವಲು. ಇದನ್ನು ಸಡಿಲಿಸಿ ಎಂದು ಯಾರೂ ಕೇಳಬೇಕಾಗಿಲ್ಲ. ಗೋಡೆಯ ಮೇಲಿನ ನೋಟಿಸು ಮಾತ್ರ ಬೇರೆ ವಿಷಯ. ನೋಟಿಸನ್ನು ಸಾರ್ವಜನಿಕವಾಗಿ ಹಚ್ಚಬೇಕೇ ಬೇಡವೇ ಎಂಬುದನ್ನು ಜೋಡಿಯ ಇಚ್ಛೆಗೆ ಬಿಡಬೇಕೆಂದು ಅಲಹಾಬಾದ್ ಹೈಕೋರ್ಟ್ 2021ರ ಜನವರಿಯಲ್ಲಿ ಹೇಳಿತು. ಕಾಯ್ದೆಯ ಅಕ್ಷರ ಇನ್ನೂ ಬದಲಾಗಿಲ್ಲ.

ಬೇರೆ ದೇಶಗಳೂ ಈ ವಿಷಯದಲ್ಲಿ ಉದಾರಿಗಳಲ್ಲ. ನಲವತ್ತಕ್ಕೂ ಹೆಚ್ಚು ದೇಶದವರು ವೀಸಾ ಇಲ್ಲದೆ ಅಮೆರಿಕಕ್ಕೆ ಹೋಗಿ 90 ದಿನ ಇರಬಹುದು. ಆ ಪಟ್ಟಿಯಲ್ಲಿ ಭಾರತವಿಲ್ಲ. ಅಮೆರಿಕದವನನ್ನು ಮದುವೆಯಾದ ವಿಜಯಪುರದ ಮಗಳು ಅತ್ತೆಮನೆ ನೋಡಿ ಬರಲು ಹೈದರಾಬಾದಿಗೋ ಮುಂಬೈಗೋ ಹೋಗಿ ಸಂದರ್ಶನಕ್ಕೆ ನಿಲ್ಲಬೇಕು. ಅಲ್ಲಿನ ಕಾನೂನು ಅವಳು ಮರಳಿ ಬರುವವಳಲ್ಲ ಎಂದೇ ಮೊದಲು ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಭಾರ ಅವಳದು. ಬ್ರಿಟನ್ನಿನಲ್ಲಿ ಸಂಗಾತಿಯನ್ನು ಕರೆಸಿಕೊಳ್ಳಲು 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ಸಂಪಾದನೆ ಬೇಕು. ಅದೇ ಬ್ರಿಟನ್ ಒಂದು ಕಾಲದಲ್ಲಿ ಗಂಡಸರಿಗೆ ಹೆಂಡತಿಯನ್ನು ಕರೆಸಿಕೊಳ್ಳುವುದನ್ನು ಸುಲಭ ಮಾಡಿ, ಹೆಂಗಸರಿಗೆ ಗಂಡನನ್ನು ಕರೆಸಿಕೊಳ್ಳುವುದನ್ನು ಕಷ್ಟ ಮಾಡಿತ್ತು. ಮೂವರು ಮಹಿಳೆಯರು ಮೊಕದ್ದಮೆ ಹೂಡಿದರು. ಅವರಲ್ಲಿ ಒಬ್ಬರು ಮಲಾವಿಯಲ್ಲಿ ಹುಟ್ಟಿದ ಭಾರತೀಯ ಮೂಲದವರು. ಇದು ಲಿಂಗ ತಾರತಮ್ಯ ಎಂದು ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ 1985ರಲ್ಲಿ ತೀರ್ಪಿತ್ತಿತು. ಬ್ರಿಟನ್ ಸಮಾನತೆ ತಂದದ್ದು ಹೆಂಡತಿಯರಿಗೂ ಅದೇ ಕಷ್ಟ ಕೊಟ್ಟು. ಭಾರತದ ಪೌರತ್ವ ಕಾಯ್ದೆಯಲ್ಲೂ 1986ರ ತಿದ್ದುಪಡಿಯ ತನಕ ಮದುವೆಯ ಆಧಾರದ ನೋಂದಣಿ ಹೆಂಗಸರಿಗಷ್ಟೇ ಇತ್ತು. ವಿದೇಶಿ ಅಳಿಯನ ಹೆಸರು ಅಲ್ಲಿರಲಿಲ್ಲ. ಕಾನೂನು ಬದಲಾಗುತ್ತದೆ, ಬದಲಾಯಿಸಬಹುದು ಎಂಬುದಕ್ಕೆ ಅದೇ ಸಾಕ್ಷಿ.

ಒಳಗಿನವರು ಯಾರು, ಹೊರಗಿನವರು ಯಾರು ಎಂಬ ಜಗ್ಗಾಟ ವಿಜಯಪುರಕ್ಕೆ ಐದು ಶತಮಾನ ಹಳೆಯದು. ಇಲ್ಲಿ ರಾಜ್ಯ ಕಟ್ಟಿದ ಯೂಸುಫ್ ಆದಿಲ್ ಖಾನ್ ಹೊರನಾಡಿನಿಂದ ಬಂದವನು. ಮದುವೆಯಾದದ್ದು ಈ ನೆಲದ ಮರಾಠಾ ಮನೆತನದ ಮುಕುಂದರಾಯನ ತಂಗಿಯನ್ನು. ಇದನ್ನು ಬರೆದಿಟ್ಟ ಚರಿತ್ರಕಾರ ಫರಿಶ್ತಾ ಕೂಡ ಪರ್ಷಿಯಾದಿಂದ ಬಂದು ಇದೇ ಆಸ್ಥಾನದಲ್ಲಿ ಕುಳಿತು ಬರೆದವನು. ಯೂಸುಫ್ ದಂಪತಿಯ ಮೊಮ್ಮಗ ಒಂದನೆಯ ಇಬ್ರಾಹಿಂ 1534ರಲ್ಲಿ ಪಟ್ಟಕ್ಕೆ ಬಂದಾಗ ಪರದೇಶಿ ಸರದಾರರಲ್ಲಿ ಬಹುಪಾಲನ್ನು ಸೇವೆಯಿಂದ ಬಿಡಿಸಿ ದಖ್ಖನಿಗಳನ್ನು ಮುಂದೆ ತಂದ. ಪರದೇಶಿ ಅಜ್ಜ, ಇಲ್ಲಿಯವಳೇ ಆದ ಅಜ್ಜಿ. ಅವರ ಮೊಮ್ಮಗನಿಗೇ ಗೆರೆ ಎಳೆಯಬೇಕೆನಿಸಿತು. ಗೆರೆ ಎಳೆಯುವುದು ಆಳುವವರ ಕೆಲಸ. ಗೆರೆ ಎಲ್ಲಿದೆ ಎಂದು ಜನರಿಗೆ ಕಾಣುವಂತೆ ಎಳೆಯುವುದೂ ಅವರದೇ ಕೆಲಸ.

ಹಾಗಾದರೆ ಆಗಬೇಕಾದದ್ದೇನು? ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಅಥವಾ ಅರ್ಜಿ ಸ್ವೀಕರಿಸಿದ ರಸೀದಿ ತೋರಿಸಿದರೆ, ನೋಂದಣಿ ಮುಗಿಯುವ ತನಕ ವೀಸಾ ತಾನಾಗಿ ಮುಂದುವರಿಯುವಂತೆ ಕೇಂದ್ರ ಗೃಹ ಸಚಿವಾಲಯ ಆದೇಶ ಮಾಡಬೇಕು. ಇದಕ್ಕೆ ಸಂಸತ್ತಿನಲ್ಲಿ ಕಾಯ್ದೆ ತಿದ್ದಬೇಕಾಗಿಲ್ಲ. ಭದ್ರತೆಗೂ ಇದರಿಂದ ಧಕ್ಕೆಯಿಲ್ಲ. ಸರ್ಕಾರಿ ಕಚೇರಿಯಲ್ಲಿ ಹೆಸರು, ವಿಳಾಸ, ಫೋಟೊ ಕೊಟ್ಟು ಕೂತವರನ್ನು ಹುಡುಕುವ ಕಷ್ಟ ಪೊಲೀಸರಿಗಿಲ್ಲ. ನೋಂದಣಿಯಾದ ದಿನದಿಂದ ಒಸಿಐ ಅರ್ಹತೆ ಬರುವ ತನಕದ ಎರಡು ವರ್ಷಕ್ಕೆ ಒಂದೇ ವೀಸಾ ಸಾಲುವಂತೆಯೂ ಆಗಲಿ.

ಜಿಲ್ಲಾ ಮಟ್ಟದಲ್ಲಿ ಆಗಬೇಕಾದದ್ದು ಇನ್ನೂ ಹಗುರ. ಪ್ರತಿ ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ. ಅಂದರೆ ಬಾಗಿಲು ವಿಜಯಪುರದಲ್ಲೇ ಇದೆ. ಅದು ಬಾಗಿಲೆಂದು ಜನರಿಗೆ ತಿಳಿಯಬೇಕು. ಇ-ಎಫ್‌ಆರ್‌ಆರ್‌ಒ ಅರ್ಜಿ ಇಂಗ್ಲಿಷಿನಲ್ಲಿದೆ. ಪಹಣಿ, ಜಾತಿ ಪ್ರಮಾಣಪತ್ರದ ಅರ್ಜಿ ತುಂಬಿಕೊಡುವ ಗ್ರಾಮ ಒನ್ ಕೇಂದ್ರದ ಹುಡುಗರಿಗೆ ಒಂದು ದಿನದ ತರಬೇತಿ ಕೊಟ್ಟರೆ ಇದನ್ನೂ ತುಂಬಿಕೊಡುತ್ತಾರೆ. ಈಗ ಉಪ ನೋಂದಣಾಧಿಕಾರಿ ಕಚೇರಿಯ ಹೊರಗೆ ಕೂರುವ ಬಾಂಡ್ ರೈಟರ್ ಹೇಳಿದ್ದೇ ಕಾನೂನು. ಅವರಿಗೆ ಜಮೀನಿನ ಕಾಗದ ಗೊತ್ತು, ವೀಸಾದ ಕಾಗದ ಗೊತ್ತಿರಬೇಕೆಂದು ನಿರೀಕ್ಷಿಸುವುದು ತಪ್ಪು.

ಮನೆಯವರೂ ಮೊದಲೇ ಲೆಕ್ಕ ಹಾಕಬೇಕು. ವಿದೇಶದಲ್ಲಿರುವಾಗಲೇ ಅಲ್ಲಿನ ಕಾನೂನಿನ ಪ್ರಕಾರ ಮದುವೆ ನೋಂದಾಯಿಸಿಕೊಂಡು ಪ್ರಮಾಣಪತ್ರಕ್ಕೆ ‘ಅಪೊಸ್ಟಿಲ್’ ಮುದ್ರೆ ಹಾಕಿಸಿ ತಂದರೆ ಇಲ್ಲಿ 60 ದಿನ ಕಾಯುವುದು ತಪ್ಪುತ್ತದೆ. ಈ ಮುದ್ರೆಯನ್ನು ಪರಸ್ಪರ ಒಪ್ಪುವ ದೇಶಗಳ ಒಪ್ಪಂದದಲ್ಲಿ ಭಾರತ 2005ರಿಂದ ಇದೆ. 1969ರ ವಿದೇಶಿ ವಿವಾಹ ಕಾಯ್ದೆಯಡಿ ಅಲ್ಲಿನ ಭಾರತೀಯ ದೂತಾವಾಸದಲ್ಲೂ ಮದುವೆಯಾಗಬಹುದು. ಅಕ್ಷತೆ, ಆರತಿ, ಹೋಳಿಗೆ ಊಟ ಊರಿಗೆ ಬಂದ ಮೇಲೆ ಆಗಲಿ, ಯಾರೂ ಬೇಡ ಎನ್ನುವುದಿಲ್ಲ. ಇಲ್ಲೇ ನೋಂದಾಯಿಸಬೇಕೆಂದರೆ 30 ದಿನದ ವೀಸಾ ತೆಗೆದುಕೊಳ್ಳಲೇಬಾರದು.

2017ರ ಬಜೆಟ್ಟಿನಲ್ಲಿ ಘೋಷಣೆಯಾಗಿ ತಾಲ್ಲೂಕುಗಳಾದ ತಿಕೋಟಾ ಮತ್ತು ಬಬಲೇಶ್ವರದಲ್ಲಿ ಈಗ ತಹಶೀಲ್ದಾರ್ ಕಚೇರಿಗಳಿವೆ. ಅವುಗಳ ಗೋಡೆಯ ಮೇಲೆ ಪಿಂಚಣಿಯ, ಬೆಳೆ ವಿಮೆಯ ಸೂಚನೆಗಳ ಪಕ್ಕ ಕನ್ನಡದಲ್ಲಿ ಇನ್ನೊಂದು ಹಾಳೆ ಬೇಕು. ವೀಸಾದಲ್ಲಿ ನೋಡಬೇಕಾದ ದಿನಾಂಕ ಯಾವುದು, ಮದುವೆ ನೋಂದಣಿಗೆ ಎಷ್ಟು ದಿನ, ಎಂಟ್ರಿ ವೀಸಾಗೆ ಎಲ್ಲಿ ಅರ್ಜಿ, ಎಸ್‌ಪಿ ಕಚೇರಿಯಲ್ಲಿ ಯಾರನ್ನು ಕೇಳಬೇಕು, ಫೋನ್ ನಂಬರ್ ಏನು. ಹಾಳೆಯ ಮೊದಲ ಸಾಲು ದಪ್ಪ ಅಕ್ಷರದಲ್ಲಿರಲಿ: ಹೊರದೇಶದ ಸೊಸೆ ಅಥವಾ ಅಳಿಯ ಮನೆಗೆ ಬಂದರೆ 24 ಗಂಟೆಯೊಳಗೆ ತಿಳಿಸಿ.